ಗಿಲಾವು ಕಾಣದ ಗೋಡೆ

ನಮ್ಮ ಬಳಗದಲ್ಲಿ ಯಾರೇ ಮನೆ ಕಟ್ಟಿಸಲಿ, ಹೊರಗೋಡೆಗೆ ಏನು ಹಾಕಿಸುವುದು ಎಂಬ ಮಾತು ಬಂದ ಕೂಡಲೇ ನನಗೊಂದು ಫೋನು ಬರುತ್ತಿತ್ತು. ನಾನು ಬಳ್ಳಾರಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವವಳು. ಚಿತ್ರ ಬರೆಯುವವಳಿಗೆ ಚೆಂದ ಯಾವುದು, ಚೆಂದವಲ್ಲದ್ದು ಯಾವುದು ಎಂದು ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ನಾನೂ ನೀರೆರೆದು ಬೆಳೆಸಿದ್ದೆ. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದೆ.

ಹೇಳುವುದಕ್ಕೆ ಬಳ್ಳಾರಿಯಲ್ಲಿ ಬೇಕಾದಷ್ಟಿತ್ತು. ಹೊಸ ಬಡಾವಣೆಗಳಲ್ಲಿ ಮನೆಯ ಮುಂಭಾಗಕ್ಕೆ ಎಲ್ಲರೂ ಎಲಿವೇಷನ್ ಎನ್ನುತ್ತಾರೆ. ಒಳಗೆ ಮನೆ ಹೇಗಾದರೂ ಇರಲಿ, ಎಲಿವೇಷನ್ ಮಾತ್ರ ಪಕ್ಕದವರ ಕಣ್ಣು ಕುಕ್ಕಬೇಕು. ನಮ್ಮೂರಿನ ಬಿಸಿಲಿನಲ್ಲಿ ಗೋಡೆಯುದ್ದಕ್ಕೂ ನೀಲಿ ಗಾಜು ಕೂರಿಸಿ, ಹಗಲೆಲ್ಲ ಪರದೆ ಎಳೆದುಕೊಂಡು ಒಳಗೆ ಬೇಯುವವರಿದ್ದಾರೆ. ಅಂಗಡಿಯ ಬೋರ್ಡಿಗೆ ಹಾಕುವ ಹೊಳೆಯುವ ಹಾಳೆಯನ್ನು ಮನೆಗೆ ಸುತ್ತಿಸಿದವರಿದ್ದಾರೆ. ಅದಿರಿನ ಲಾರಿಗಳ ಕೆಂಪು ಧೂಳು ಒಂದೇ ಬೇಸಿಗೆಯಲ್ಲಿ ಎಲ್ಲದರ ಮೇಲೂ ಕೂತು ಎಲ್ಲರನ್ನೂ ಸಮ ಮಾಡುತ್ತದೆ, ಆ ಮಾತು ಬೇರೆ. ನನಗಂತೂ ಇವನ್ನೆಲ್ಲ ಕಂಡರೆ ಮೈ ಉರಿಯುತ್ತಿತ್ತು.

ನನ್ನ ಮನಸ್ಸಿದ್ದದ್ದು ಕಲ್ಲಿನ ಮೇಲೆ. ನಾವಿರುವುದು ಕಂಟೋನ್ಮೆಂಟಿನಲ್ಲಿ. ಬೆಳಿಗ್ಗೆ ವಾಕಿಂಗಿಗೆ ಹೋಗುವ ದಾರಿಯಲ್ಲಿ ಬ್ರಿಟಿಷರ ಕಾಲದ ಕೆಲವು ಕಟ್ಟಡಗಳಿವೆ. ಸುಣ್ಣವಿಲ್ಲ, ಬಣ್ಣವಿಲ್ಲ, ಬರೀ ಕಲ್ಲು. ಅಷ್ಟೊಂದು ಬಿಸಿಲು ಮಳೆ ಕಂಡಿದ್ದರೂ ಒಂದು ಚೂರು ಉದುರಿಲ್ಲ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಕಲ್ಲಿಗೂ ಒಂದೊಂದು ಬಣ್ಣ ಬರುತ್ತದೆ. ಗೋಡೆ ಅಂದರೆ ಹೀಗಿರಬೇಕು ಎಂದು ಕ್ಲಾಸಿನ ಹುಡುಗಿಯರಿಗೆ ಹೇಳಿದ್ದೇನೆ, ಪೆನ್ಸಿಲಿನಲ್ಲಿ ಬರೆಸಿಯೂ ಇದ್ದೇನೆ.

ಹೀಗಿರುವಾಗ ಸಿರುಗುಪ್ಪದಿಂದ ಅಕ್ಕನ ಫೋನು ಬಂತು.

ಅಕ್ಕ ಎಂದರೆ ನನಗೆ ಅರ್ಧ ತಾಯಿ. ನಾವು ಮೂಲತಃ ಕರೂರಿನವರು. ಅವ್ವ ಭತ್ತದ ನಾಟಿಗೆ, ಕಳೆಗೆ ಹೋದ ದಿನಗಳಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅದಕ್ಕಾಗಿ ಅವಳು ಶಾಲೆ ಬಿಟ್ಟಳು. ನಾನು ಬಸ್ಸು ಹತ್ತಿ ಸಿರುಗುಪ್ಪದ ಹೈಸ್ಕೂಲಿಗೆ ಹೋದೆ, ಅಲ್ಲಿಂದ ಬಳ್ಳಾರಿ ಸೇರಿದೆ. ಭಾವನವರದು ಸಿರುಗುಪ್ಪದಲ್ಲಿ ಹಿಟ್ಟಿನ ಗಿರಣಿ. ಮದುವೆಯಾದಾಗಿನಿಂದ ಅಕ್ಕ ಗಿರಣಿಯ ಹಿಂದಿನ ಬಾಡಿಗೆ ಕೋಣೆಗಳಲ್ಲೇ ಸಂಸಾರ ಮಾಡಿದ್ದಳು. ಅವಳ ಕೂದಲು ಹಿಟ್ಟಿನಿಂದ ಬೆಳ್ಳಗಿತ್ತೋ ವಯಸ್ಸಿನಿಂದಲೋ ಹೇಳುವುದು ಕಷ್ಟವಿತ್ತು. ಅಂತೂ ಒಂದು ಸೈಟು ಕೊಂಡು, ಮನೆ ಎಬ್ಬಿಸಲು ಹೊರಟಿದ್ದರು.

"ಮುಂದಿನ ಗ್ವಾಡಿಗೆ ಏನ್ ಹಾಕಸಬೇಕು ಅಂತ ನೀನ ಹೇಳು," ಎಂದಳು. "ನನಗೇನ್ ತಿಳೀತೈತಿ. ಭಾಳ ದಿನ ಬಾಳಬೇಕು. ನೋಡಿದೋರು ಹೌದು ಅನ್ನಬೇಕು. ಅಷ್ಟ."

ಬಾ, ಇಬ್ಬರೂ ಹೋಗಿ ನೋಡೋಣ ಎಂದೆ. ಅವಳು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದನ್ನು ಮಾತ್ರ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಅಕ್ಕ ಬಳ್ಳಾರಿಗೆ ಬಂದಳು. ಟೈಲ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಡುತ್ತಲೇ ಅವಳ ಕಣ್ಣು ಒಂದು ಪಿಸ್ತಾ ಬಣ್ಣದ ಟೈಲ್ಸಿನ ಮೇಲೆ ಬಿತ್ತು. ಅದರಲ್ಲೊಂದು ಬಿಳಿ ಬಳ್ಳಿ, ಬಳ್ಳಿಯ ಅಂಚಿಗೆ ಚಿನ್ನದ ಬಣ್ಣದ ಗೆರೆ. ಸೆರಗಿನಿಂದ ಕೈ ಒರೆಸಿಕೊಂಡು, ಆಮೇಲೆ ಅದನ್ನು ಮುಟ್ಟಿದಳು.

"ಇದು ಹೆಂಗೈತಿ?"

"ಅಕ್ಕ, ಅದು ಬಚ್ಚಲಮನಿಗೆ ಹಾಕೋದು."

"ಮುಂದಿನ ಕಂಬಕ್ಕ ಹಾಕಿದ್ರ?"

"ಕಂಬಕ್ಕ ಹಾಕಿದ್ರ ಕಂಬಾನೂ ಬಚ್ಚಲಮನಿ ಆಗತೈತಿ."

ಅಂಗಡಿಯವನು ನಕ್ಕ. ಅಕ್ಕನೂ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಅಲ್ಲೇ ನಿಂತು ಅವಳಿಗೆ ಪಾಠ ಮಾಡಿದೆ. ನಿನ್ನ ಮನೆಯ ಮುಖ ಪಶ್ಚಿಮಕ್ಕೆ, ಸಂಜೆಯ ಬಿಸಿಲಿಗೆ ಕಾದು ಕಾದು ಟೈಲ್ಸು ಒಂದೊಂದಾಗಿ ಬಿಡುತ್ತವೆ ಎಂದೆ. ಬಣ್ಣ ಬಳಿಸಿದರೆ ಎರಡು ವರ್ಷಕ್ಕೆ ಮಾಸುತ್ತದೆ ಎಂದೆ. ಸಿರುಗುಪ್ಪದ್ದು ಎರೆಮಣ್ಣು, ಸುತ್ತ ಭತ್ತದ ಗದ್ದೆ, ನೆಲ ಸದಾ ಹಸಿ. ಬುಡದಿಂದ ಸವಳು, ಅಂದರೆ ನೆಲದ ಉಪ್ಪು, ಏರಿ ಸಿಮೆಂಟು ಹಪ್ಪಳದಂತೆ ಎದ್ದುಬಿಡುತ್ತದೆ ಎಂದೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅಕ್ಕ ಹೂಂಗುಡುತ್ತಾ ಕೇಳಿದಳು. ಹೊರಗೆ ಬರುವಾಗ ಮಾತ್ರ ಒಮ್ಮೆ ಹಿಂದಿರುಗಿ ನೋಡಿದಳು.

ಮರುವಾರ ಭಾವನನ್ನೂ ಕರೆದುಕೊಂಡು ಕುರುಗೋಡಿಗೆ ಹೋದೆವು. ಊರಿನ ಸುತ್ತ ಕಲ್ಲುಗುಡ್ಡಗಳು, ದಾರಿಯಲ್ಲಿ ಕಲ್ಲು ಒಡೆದು ಸೈಜು ಮಾಡಿ ಒಟ್ಟಿರುವ ಜಾಗಗಳು. ಅಂಥದ್ದೊಂದರ ಮುಂದೆ ಇಳಿದೆವು. ಬೂದು ಬಣ್ಣದ ಸೈಜುಗಲ್ಲು, ಮೈ ಒರಟು, ಅಂಚು ನೇರ. ನೀರು ಚೆಲ್ಲಿದರೆ ಒಳಗಿನ ಕಪ್ಪು ಚುಕ್ಕೆಗಳು ಮೇಲೆ ಬರುತ್ತಿದ್ದವು. ನೋಡಿದ ಕೂಡಲೇ ಇದೇ ಎಂದು ತೀರ್ಮಾನಿಸಿದೆ.

"ಪಾಯಕ್ಕೇನ್ರಿ, ಕಂಪೌಂಡಿಗೇನ್ರಿ?" ಎಂದು ಕಲ್ಲಿನ ಮಾಲಿಕ ಕೇಳಿದ. ನಮ್ಮ ಕಡೆ ಪಾಯ ಎಂದರೆ ತಳಪಾಯ.

"ಎರಡಕ್ಕೂ ಅಲ್ಲ. ಮನಿ ಮುಂದಿನ ಗ್ವಾಡಿಗೆ," ಎಂದೆ.

"ಮ್ಯಾಲ ಗಿಲಾವ್ ಮಾಡಸ್ತೀರೇನು?"

"ಇಲ್ಲ. ಹಂಗ ಬಿಡೋದು."

ಅವನು ಭಾವನ ಮುಖ ನೋಡಿದ. ಭಾವ ಅಕ್ಕನ ಮುಖ ನೋಡಿದರು. ಅಕ್ಕ ನನ್ನತ್ತ ಕೈ ತೋರಿಸಿ, "ಆಕಿ ಹೇಳಿದಂಗ ಕೊಡ್ರಿ. ಆಕಿಗೆ ತಿಳೀತೈತಿ," ಎಂದಳು.

ಗಿಲಾವು ಎಂದರೆ ಬೇರೇನಲ್ಲ, ಮರಳು ಸಿಮೆಂಟು ಕಲಸಿ ಗೋಡೆಯ ಮೈ ಸಪಾಟು ಮಾಡುವುದು. ಆದರೆ ನಮ್ಮ ಸೀಮೆಯಲ್ಲಿ ಅದು ಬರೀ ಸಿಮೆಂಟಲ್ಲ. ಮನೆ ಕಟ್ಟುವವನ ಕೈ ಸೋತರೆ ಮೊದಲು ನಿಲ್ಲುವುದು ಗಿಲಾವು. ಗೋಡೆಗಳು ಎದ್ದಿರುತ್ತವೆ, ಬಾಗಿಲು ಕೂತಿರುತ್ತದೆ, ಒಳಗೆ ಅಡುಗೆಯೂ ನಡೆದಿರುತ್ತದೆ. ಗಿಲಾವು ಮಾತ್ರ ಮುಂದಿನ ಸುಗ್ಗಿಗೆ, ಅದರ ಮುಂದಿನ ಸುಗ್ಗಿಗೆ. ಗಿಲಾವ್ ಆಗಿಲ್ಲ ಎಂದರೆ ಸಾಕು, ಆ ಮನೆಯ ಬಗ್ಗೆ ಬೇರೆ ಏನನ್ನೂ ಕೇಳಬೇಕಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಕರೂರಿನಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲದೆ ಏನು. ಆದರೆ ಅಷ್ಟು ನೀಟಾಗಿ ಕಡಿದ ಕಲ್ಲನ್ನು, ಸಂದುಗಳಿಗೆ ತೆಳ್ಳಗೆ ಸಿಮೆಂಟಿನ ಗೆರೆ ಎಳೆದ ಗೋಡೆಯನ್ನು ಕಂಡವರು ಬಡತನ ಎಂದುಕೊಳ್ಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಗೃಹಪ್ರವೇಶದ ದಿನ ಬಂದವರೆಲ್ಲ ಒಂದೇ ರಾಗ ಎಳೆದರು. "ಚಲೋ ಆಗೈತ್ರಿ. ಗಿಲಾವ್ ಯಾವಾಗ?" ನಾನು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ತಿಳಿಸಿ ಹೇಳಿದೆ. ಕೆಲವರು ಹೌದಾ ಎಂದರು, ಕೆಲವರು ಊಟದ ಪಂಕ್ತಿ ಎಲ್ಲಿ ಎಂದು ಕೇಳಿದರು. ಗೋಡೆಯ ಫೋಟೋ ತೆಗೆದು ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ರೆಸಾರ್ಟ್ ಇದ್ದ ಹಾಗಿದೆ ಎಂದು ಟೀಚರುಗಳು ಬರೆದರು. ಅದನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳ ಮುಖ ಅರಳಿತು. ಬೀಗುತ್ತಾ ಬಳ್ಳಾರಿ ಬಸ್ಸು ಹತ್ತಿದೆ.

ಹಾಗೇ ವರ್ಷಗಳು ಹೋದವು. ಗೋಡೆ ಕೂದಲೆಳೆಯಷ್ಟೂ ಬಿರಿಯಲಿಲ್ಲ. ಅಕ್ಕನ ಮಗಳು ಬಿ.ಎಡ್. ಮುಗಿಸಿದಳು, ಅವಳಿಗೆ ಗಂಡು ನೋಡತೊಡಗಿದರು. ಕುರುಗೋಡಿನ ಒಂದು ಮನೆತನ ಎಲ್ಲರಿಗೂ ಹಿಡಿಸಿತ್ತು. ಹುಡುಗ ಮೇಷ್ಟ್ರು. ಫೋನಿನಲ್ಲಿ ಮಾತಾಗಿ, ಫೋಟೋ ನೋಡಿ, ಹುಡುಗಿಯೂ ಒಪ್ಪಿದ್ದಳು. ಒಂದು ಭಾನುವಾರ ಅವರು ಹುಡುಗಿಯನ್ನು ನೋಡಲು ಬಂದರು. ನಾನೂ ಹೋಗಿದ್ದೆ.

ಗಾಡಿಯಿಂದ ಇಳಿದವರು ಅಂಗಳದಲ್ಲಿ ನಿಂತು ಗೋಡೆಯನ್ನು ನೋಡಿದರು. ಹುಡುಗನ ಸೋದರಮಾವ ಹತ್ತಿರ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿ, "ಇದು ನಮ್ಮೂರ ಕಲ್ಲು," ಎಂದರು. ನನಗೆ ಹೆಮ್ಮೆಯಾಯಿತು. ಒಳಗೆ ಚಾಪೆ ಹಾಸಿ ಕೂರಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟು, ಮಳೆ ಬೆಳೆ ಮಾತಾಡಿದ ಮೇಲೆ ಆ ಸೋದರಮಾವನೇ ಭಾವನಿಗೆ ಕೇಳಿದರು.

"ಮನಿ ಕೆಲಸ ಇನ್ನಾ ಸ್ವಲ್ಪ ಉಳಿದೈತೇನ್ರಿ?"

ಚಹಾದ ತಟ್ಟೆ ಹಿಡಿದು ಬಂದ ಅಕ್ಕ, ಭಾವನಿಗಿಂತ ಮೊದಲೇ, ಒಂದು ಚೂರೂ ತಡವರಿಸದೆ ಹೇಳಿದಳು. "ಹೌದ್ರಿ. ಈ ಬ್ಯಾಸಗಿಗೆ ಗಿಲಾವ್ ಮಾಡಿಸಿಬಿಡ್ತೀವಿ. ಇವರ ಗಿರಣಿ ಗದ್ದಲದಾಗ ಆಗಿಲ್ಲ."

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಇಲ್ರಿ," ಎಂದೆ. "ಇದಕ್ಕ ಗಿಲಾವ್ ಮಾಡಸಂಗಿಲ್ಲ. ಬೇಕಂತನ ಹಿಂಗ ಬಿಟ್ಟಾರ. ಇದ ಡಿಸೈನು. ನಾನ ಆರಿಸಿದ್ದು."

ಹುಡುಗನ ತಾಯಿ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದರು. ಈ ಮನೆಯವರು ಹೇಳಿದ್ದರಲ್ಲಿ ಇನ್ನೇನೇನು ಹೀಗೆ ಇದೆಯೋ ಎಂದು ಅವರ ಕಣ್ಣು ಕೇಳುತ್ತಿತ್ತು. ಸೋದರಮಾವ ನಕ್ಕು, "ಹಂಗೇನ್ರಿ. ನಮ್ಮ ಕಡೆ ಈ ಕಲ್ಲು ಪಾಯಕ್ಕ ಹಾಕ್ತಾರ. ಇಲ್ಲಾ ದನದ ಕೊಟ್ಟಿಗಿಗೆ," ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದರು ಅಷ್ಟೇ. ಅಷ್ಟಕ್ಕಾದರೂ ನಿಲ್ಲಿಸಿದೆನೇ? ಇಲ್ಲ. ಕಂಟೋನ್ಮೆಂಟಿನ ಕಟ್ಟಡಗಳ ಕಥೆ ತೆಗೆದೆ. ಬ್ರಿಟಿಷರು ಹೇಗೆ ಗಿಲಾವು ಮಾಡಿಸದೆ ಬಿಟ್ಟಿದ್ದಾರೆ ಎಂದು ಕೈ ಆಡಿಸಿ ಹೇಳಿದೆ. ಹೇಳುತ್ತಿರುವಾಗಲೇ ಅಕ್ಕ ನೀರು ತರುತ್ತೇನೆ ಎಂದು ಒಳಗೆ ಹೋದಳು. ನೀರಿನ ತಂಬಿಗೆ ಅಲ್ಲೇ ಎಲ್ಲರ ನಡುವೆ ಇತ್ತು. ತಲೆ ತಗ್ಗಿಸಿ ಕೂತಿದ್ದ ಹುಡುಗಿಯ ಕಿವಿ ಕೆಂಪಾಗಿತ್ತು.

ಹೇಳಿ ಕಳಸ್ತೀವಿ ಎಂದು ಅವರು ಎದ್ದರು.

ಅವರ ಗಾಡಿ ತಿರುವು ದಾಟುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ನಾಚಿಕೆಯಾಗಬೇಕಾದಲ್ಲಿ ನನಗೆ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಹಳೆಯ ಜಾಯಮಾನ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಅಕ್ಕನ ಮೇಲೇ ಹರಿಹಾಯ್ದೆ.

"ಇಲ್ಲದ ಗಿಲಾವು ಯಾಕ ಹೇಳಾಕ ಹೋದಿ?"

ಅವಳು ತಿರುಗಲಿಲ್ಲ. "ಬಂದೋರೆಲ್ಲಾ ಕೇಳ್ತಾರವ್ವ. ನಿನ್ನಂಗ ತಿಳಿಸಿ ಹೇಳಾಕ ನನಗ ಬರಂಗಿಲ್ಲ. ಬ್ಯಾಸಗಿಗೆ ಮಾಡಸ್ತೀವಿ ಅಂದ್ರ ಸುಮ್ನಾಗ್ತಾರ."

"ಎಲ್ಲಾರಿಗೂ ಹಂಗ ಹೇಳೀಯೇನು?"

"ಬ್ಯಾಸಗಿ ವರ್ಷಾ ಬರತೈತಲ್ಲ," ಎಂದಳು.

ಲೋಟಗಳನ್ನು ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತಾ ನನ್ನತ್ತ ತಿರುಗಿದಳು. "ಅಪ್ಪಾನೂ ಹಂಗ ಅಂತಿದ್ದ. ಕರೂರ ಮನಿಗೆ. ನೀ ಸಣ್ಣಾಕಿ ಇದ್ದಿ. ನನ್ನ ನೋಡಾಕ ಬಂದೋರಿಗೆಲ್ಲಾ, ಈ ಸುಗ್ಗಿ ಆಗಲಿ, ಗಿಲಾವ್ ಮಾಡಿಸಿಬಿಡ್ತೀನಿ ಅಂತಿದ್ದ. ಎರಡು ಕಡೆಯೋರು ಅಂಗಳದಾಗ ನಿಂತು ಹಂಗ ಹೋದ್ರು. ಆಮ್ಯಾಲ ನಿಮ್ಮ ಭಾವ ಬಂದ್ರು. ಅವರು ಗ್ವಾಡಿ ನೋಡಲಿಲ್ಲ."

"ಮತ್ತ ಕುರುಗೋಡ್ನಾಗ ಯಾಕ ಬಾಯಿ ಬಿಡಲಿಲ್ಲ ನೀನು?"

"ನೀ ಕಲತಾಕಿ. ಈಗ ಕಲ್ಲಿಗೆ ಬೆಲಿ ಬಂದಿರಬೇಕು ಅಂದ್ಕೊಂಡೆ."

ನಾನು ಸಣ್ಣವಳಿದ್ದೆ ನಿಜ, ಆದರೆ ಆ ಗೋಡೆ ನನಗೆ ಚೆನ್ನಾಗಿ ನೆನಪಿತ್ತು. ಕಲ್ಲಿನ ಸಂದಿಗೆ ಬರೀ ಮಣ್ಣು, ಮಣ್ಣಿನ ಸಂದಿಗೆ ಇರುವೆ. ಹಬ್ಬ ಬಂದರೆ ಅವ್ವ ಕೆಮ್ಮಣ್ಣು ಸಾರಿಸಿ ಕಲ್ಲು ಮುಚ್ಚುತ್ತಿದ್ದಳು, ಮಳೆ ಬಂದರೆ ಕೆಮ್ಮಣ್ಣು ಇಳಿದು ಕಲ್ಲು ಹಲ್ಲು ಕಿರಿಯುತ್ತಿತ್ತು. ಹೈಸ್ಕೂಲಿನ ಗೆಳತಿಯರನ್ನು ನಾನು ಒಮ್ಮೆಯೂ ಕರೂರಿಗೆ ಕರೆದಿಲ್ಲ. ಬಳ್ಳಾರಿಯಲ್ಲಿ ಯಾರಿಗೂ ಆ ಗೋಡೆಯ ಸುದ್ದಿ ಹೇಳಿಲ್ಲ. ಕಲ್ಲು ಚೆಂದ ಎಂದು ನನಗೆ ಅನಿಸಿದ್ದು ಅದು ಸಾಹೇಬರ ಗೋಡೆಯಾಗಿ ಕಂಡ ಮೇಲೆ. ಇದನ್ನು ಅಕ್ಕನ ಅಡುಗೆಮನೆಯಲ್ಲಿ ನಿಂತು ತಿಳಿದುಕೊಂಡಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕುರುಗೋಡಿನಿಂದ ಸುದ್ದಿ ಬರಲಿಲ್ಲ. ಗೋಡೆಯಿಂದಲೇ ಎಂದು ಯಾರೂ ಹೇಳಲಿಲ್ಲ, ಬೇರೆ ಕಾರಣವೇ ಇದ್ದಿರಬಹುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾನು ಅಕ್ಕನ ಪಾಲಿಗೆ ಎರಡಕ್ಕೂ ಒಟ್ಟಿಗೇ ಕೈ ಹಾಕಿ ಕೆಡಿಸಿದ್ದೆ.

ಸ್ವಲ್ಪ ದಿನಕ್ಕೆ ಅಕ್ಕನ ಮಗಳು ಫೋನು ಮಾಡಿದಳು. 

"ಚಿಕ್ಕಮ್ಮ, ಗಿಲಾವ್ ಮಾಡಿಸು ಅಂತ ಅವ್ವಗ ನೀನ ಹೇಳಬೇಕು."

"ಅಕ್ಕಗ ಬೇಕಂದ್ರ ಮಾಡಿಸ್ಲಿ. ನನ್ನೇನ್ ಕೇಳೋದು?"

"ನೀ ಹೇಳೋಮಟ ಆಕಿ ಗ್ವಾಡಿ ಮುಟ್ಟಂಗಿಲ್ಲ. ಮನಿ ಮುಗಿದ ವರ್ಷನ ಅಪ್ಪ ಮಾಡಸ್ತೀನಿ ಅಂದಿದ್ದ. ತಂಗಿ ಆರಿಸಿದ್ದು, ಮುಚ್ಚಿದ್ರ ಆಕಿಗೆ ಬ್ಯಾಸರ ಆಗತೈತಿ ಅಂತ ಅವ್ವನ ಬ್ಯಾಡ ಅಂದ್ಲು."

ಹುಡುಗಿಯ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟು ಬೇಸಿಗೆಗಳ ಕಾಲ ಅಕ್ಕ ಊರಿಗೆಲ್ಲ ಸುಳ್ಳು ಹೇಳಿದ್ದು ನನ್ನ ಮರ್ಯಾದೆ ಉಳಿಸಲು. ನಾನು ಮರ್ಯಾದಸ್ತರ ನಡುವೆ ಅವಳನ್ನು ಸುಳ್ಳುಗಾರ್ತಿ ಮಾಡಿದ್ದೆ.

ಇಷ್ಟಾದರೂ ಆ ಒಂದು ಮಾತು ಹೇಳಲು ನನಗೆ ವಾರ ಹಿಡಿಯಿತು. ಅಷ್ಟು ಒಳ್ಳೆಯ ಗೋಡೆ ಎಂದು ಹೊಟ್ಟೆ ಉರಿಯುತ್ತಿತ್ತು. ಫೋನು ತೆಗೆಯುವುದು, ಇಡುವುದು, ಇದೇ ಆಯಿತು. ಕೊನೆಗೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಹೊರಗೆ ನಿಂತು ಮಾಡಿದೆ.

"ಅಕ್ಕ, ಗಿಲಾವ್ ಮಾಡಿಸಿಬಿಡು."

ಗಿರಣಿಯ ಸದ್ದಿನಿಂದ ಅವಳು ಆಚೆ ಬಂದಳು. ಆಮೇಲೆ, "ನಿನಗ ಬ್ಯಾಸರಿಲ್ಲಲ್ಲ?" ಎಂದಳು.

"ಇಲ್ಲ."

"ಹಂಗಾರ, ಕಂಬಕ್ಕ ಆ ಬಳ್ಳಿ ಟೈಲ್ಸ್ ಹಾಕಸ್ಲೇನು?"

"ಹಾಕಿಸು," ಎಂದೆ.

ಕೆಲಸ ನಡೆದಾಗ ಒಮ್ಮೆ ಹೋಗಿದ್ದೆ. ಗಟ್ಟಿ ಕಲ್ಲಿಗೆ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲವೆಂದು ಒಂದೊಂದು ಕಲ್ಲಿಗೂ ಉಳಿಯಿಂದ ಕಚ್ಚು ಹಾಕುತ್ತಿದ್ದರು. ನೋಡಲಾಗದೆ ಹಿತ್ತಲಿಗೆ ಹೋಗಿ ಕೂತೆ. ಎರಡನೆಯ ಸಲ ಹೋದಾಗ ಎಲ್ಲ ಮುಗಿದಿತ್ತು. ಗೋಡೆಗೆ ಕೇಸರಿ ಮಿಶ್ರಿತ ಗುಲಾಬಿ, ಅಂಚಿಗೆ ಕಂದು ಪಟ್ಟಿ, ಕಂಬಗಳಿಗೆ ಪಿಸ್ತಾ ಟೈಲ್ಸು. ಸುಳ್ಳು ಹೇಳಲಾರೆ, ನನಗೆ ಅದು ಚೆಂದ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಬುಡದಲ್ಲಿ ಸವಳು ಏರುವುದೂ ತಪ್ಪಿದ್ದಲ್ಲ. ವರ್ಷಾ ವರ್ಷ ಬಳಿಸಿದರಾಯಿತು ಎನ್ನುತ್ತಾರೆ ಭಾವ. ಅಕ್ಕ ಎದುರು ಮನೆಯ ಕಟ್ಟೆಯ ಮೇಲೆ ಆ ಮನೆಯ ಸೊಸೆಯ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದಳು. ಸುಲಿಯುವುದು ಕಡಿಮೆ, ತನ್ನ ಮನೆಯನ್ನು ನೋಡುವುದು ಹೆಚ್ಚು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಹಾಗೆ ಕೂತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಮೋಕಾ ಊರಿನ ಒಂದು ಮನೆಯವರು ಬಂದು ಹುಡುಗಿಯನ್ನು ಒಪ್ಪಿದರು. ನಿಶ್ಚಿತಾರ್ಥ ಅಕ್ಕನ ಮನೆಯಲ್ಲೇ ಆಯಿತು. ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದೆವು. ಹುಡುಗನ ತಾಯಿ ನನ್ನ ಪಕ್ಕ ಸರಿದು ಕೂತು, ಸುತ್ತಲಿನವರಿಗೂ ಕೇಳುವಂತೆ ಹೇಳಿದರು.

"ನೀವು ಚಿತ್ರ ಕಲಿಸೋ ಟೀಚರಂತಲ್ರಿ. ನಿಮ್ಮಕ್ಕ ಹೇಳಿದ್ರು. ಈ ಮನಿ ಗಿಲಾವು, ಬಣ್ಣ, ಎಲ್ಲಾ ನೀವ ನಿಂತು ಆರಿಸಿ ಮಾಡಿಸಿಕೊಟ್ರಂತ. ಭಾಳ ಚೆಂದ ಆಗೈತ್ರಿ. ಒಡಹುಟ್ಟಿದೋರು ಅಂದ್ರ ಹಿಂಗಿರಬೇಕು."

ತಲೆ ಎತ್ತಿದೆ. ಅಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕುಂಕುಮ ಕೊಡುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನನ್ನು ಎತ್ತಿ ಬೆಳೆಸಿದವಳು, ಈ ಮನೆಯ ಯಜಮಾನಿ, ನಾನು ಇನ್ನೇನು ಹೇಳಿಬಿಡುತ್ತೇನೋ ಎಂದು ಹೆದರಿ ನಿಂತಿದ್ದಳು.

"ಹೌದ್ರಿ," ಎಂದೆ. "ನಾನ ಆರಿಸಿದ್ದು."

ಅಕ್ಕ ಉಸಿರು ಬಿಟ್ಟು, ಪಕ್ಕದವರಿಗೆ ಕುಂಕುಮ ಕೊಡಲು ಬಾಗಿದಳು. ಅವಳು ನನ್ನ ಮುಂದೆ ಬಂದು ತಟ್ಟೆ ಹಿಡಿದಾಗಲೂ ನಾನು ಅವಳ ಮುಖ ನೋಡಲಿಲ್ಲ.